ಸಮುದ್ರದ ಮಧ್ಯೆ ಬಿದ್ದ ಮಳೆಯನ್ನು ಅಳೆದವರು ಯಾರು?

ಬೆರಗು_ಬಸವ
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ನಿನ್ನೆ ರಾತ್ರಿ ಇಡೀ ಭೂಮಿಯ ಮಳೆ ನಕಾಶೆಯೊಂದನ್ನು ನೋಡುತ್ತಿದ್ದೆ. ಐಮರ್ಗ್ ದತ್ತಾಂಶ ಅಂತ ಮೂಲೆಯಲ್ಲಿ ಬರೆದಿತ್ತು, ಅಂದರೆ ಹಲವು ಉಪಗ್ರಹಗಳನ್ನು ಸೇರಿಸಿ ನಾಸಾ ಮಾಡುವ ಮಳೆ ಲೆಕ್ಕ. ಪೆಸಿಫಿಕ್ ಸಾಗರದ ನಟ್ಟನಡುವೆ ಮೌಸ್ ಇಟ್ಟರೆ "ಗಂಟೆಗೆ 7.4 ಮಿಮೀ" ಅಂತ ತೋರಿಸಿತು. ಸುತ್ತಮುತ್ತ ಎಲ್ಲಿಯೂ ನೆಲ ಇಲ್ಲ. ಅಲ್ಲಿ ಮಳೆಮಾಪಕ ಇಟ್ಟವರು ಯಾರು? ಏಳು ಅಂದಿದ್ದರೆ ಸುಮ್ಮನಿರುತ್ತಿದ್ದೆ. ಆ ಪಾಯಿಂಟ್ ನಾಲ್ಕು ಎಲ್ಲಿಂದ ಬಂತು?

"ಉಪಗ್ರಹದಿಂದ" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ, ಅಷ್ಟು ನನಗೂ ಗೊತ್ತು. ಉಪಗ್ರಹಕ್ಕೆ ಕಾಣುವುದು ಮೋಡದ ನೆತ್ತಿ. ಮಳೆ ಸುರಿಯುವುದು ಮೋಡದ ಬುಡದಿಂದ. ನೆತ್ತಿ ನೋಡಿ ಬುಡದ ಲೆಕ್ಕ ಹೇಳುವುದು ಹೇಗೆ?

ಮೈಕ್ರೋವೇವ್_ಮಂಜ
ಬಸವಣ್ಣ, ಒಳ್ಳೆ ಕಡೆ ಕೈ ಇಟ್ಟಿದ್ದೀರಿ. ಮೊದಮೊದಲು ನೆತ್ತಿ ನೋಡಿಯೇ ಹೇಳುತ್ತಿದ್ದರು.

1974ರಲ್ಲಿ ಪೂರ್ವ ಅಟ್ಲಾಂಟಿಕ್‌ನ ಉಷ್ಣವಲಯದಲ್ಲಿ ಗೇಟ್ ಅನ್ನುವ ದೊಡ್ಡ ಪ್ರಯೋಗ ನಡೆಯಿತು. ಹಡಗುಗಳ ಮೇಲೆ ರೇಡಾರ್ ಕೂರಿಸಿ ಮಳೆ ನೋಡಿದರು. ಆ ಅಂಕಿಗಳನ್ನು ಉಪಗ್ರಹದ ಇನ್‌ಫ್ರಾರೆಡ್ ಚಿತ್ರಗಳ (ಮೋಡದ ಬಿಸಿ ತಣ್ಣು ತೋರಿಸುವ ಚಿತ್ರಗಳ) ಪಕ್ಕ ಇಟ್ಟು ನೋಡಿದ ಫಿಲಿಪ್ ಆರ್ಕಿನ್ ಅನ್ನುವವರಿಗೆ ಒಂದು ಸರಳ ಸಂಬಂಧ ಸಿಕ್ಕಿತು. ಮೋಡದ ನೆತ್ತಿ 235 ಕೆಲ್ವಿನ್‌ಗಿಂತ ತಣ್ಣಗಿದೆಯೇ? ಅಂದರೆ ಸುಮಾರು ಮೈನಸ್ 38 ಡಿಗ್ರಿ ಸೆಲ್ಸಿಯಸ್. ಹಾಗಿದ್ದರೆ ಅಲ್ಲಿ ಗಂಟೆಗೆ 3 ಮಿಮೀ ಅಂತ ಬರೆದುಕೊಳ್ಳಿ. ಇಲ್ಲವೇ, ಸೊನ್ನೆ. ಅಷ್ಟೇ ಲೆಕ್ಕ! ಒಂದು ಚೌಕದ ಐದನೇ ಒಂದು ಭಾಗವನ್ನು ದಿನಪೂರ್ತಿ ಅಂಥ ತಣ್ಣನೆ ಮೋಡ ಮುಚ್ಚಿದ್ದರೆ 3 × 0.2 × 24, ಅಂದರೆ 14.4 ಮಿಮೀ. ನೋಡಿ, ನಿಮ್ಮ ಪಾಯಿಂಟ್ ನಾಲ್ಕು ಇಲ್ಲೂ ಬಂತು. ದಶಮಾಂಶ ಬಂದ ಮಾತ್ರಕ್ಕೆ ಯಾರೋ ಅಳೆದರು ಅಂತಲ್ಲ, ಗುಣಿಸಿದರೂ ಬರುತ್ತದೆ.

ತಿಂಗಳ ಸರಾಸರಿ, ಅಕ್ಷಾಂಶ ರೇಖಾಂಶದಲ್ಲಿ 2.5 ಡಿಗ್ರಿ ಚೌಕ, ಉಷ್ಣವಲಯದ ಸಮುದ್ರ, ಇಷ್ಟಕ್ಕೆ ಇದು ಆಶ್ಚರ್ಯ ಅನ್ನುವಷ್ಟು ಚೆನ್ನಾಗಿ ಕೆಲಸ ಮಾಡಿತು. ಒಂದು ಗಂಟೆ, ಒಂದು ಜಾಗ ಅಂತ ಹೋದರೆ ಕೈಕೊಡುತ್ತದೆ. ಎತ್ತರದ ತೆಳು ಸಿರಸ್ ಮೋಡ ತುಂಬಾ ತಣ್ಣಗಿರುತ್ತದೆ, ಹನಿ ಮಳೆ ಇರುವುದಿಲ್ಲ. ಇತ್ತ ಸಮುದ್ರದ ಮೇಲಿನ ಕುಳ್ಳ ಮೋಡಗಳಲ್ಲಿ ಮಂಜುಗಡ್ಡೆಯೇ ಇರುವುದಿಲ್ಲ, ನೆತ್ತಿ ಬೆಚ್ಚಗೆ. ಆದರೂ ಸುರಿಯುತ್ತವೆ. ಸೂತ್ರದ ಪ್ರಕಾರ ಅಲ್ಲಿ ಸೊನ್ನೆ.

ಆಮೇಲೆ ಮೈಕ್ರೋವೇವ್ ಬಂತು, ಆಟ ಬದಲಾಯಿತು. ಊಟ ಮುಗಿಸಿ ಬಂದು ಬರೆಯುತ್ತೇನೆ.

ಅನುಮಾನಪ್ಪ
ಅಂದರೆ ಅಂದಾಜು. ಅದಕ್ಕೆ ಬಣ್ಣ ಬಳಿದು ನಕಾಶೆ ಅಂತ ಕೊಡುತ್ತಾರೆ. ಇದಕ್ಕಿಂತ ಹಡಗಿನವರನ್ನು ಕೇಳಿದ್ದರೆ ಆಗುತ್ತಿರಲಿಲ್ಲವೇ? ದಿನಾ ಸಾವಿರಾರು ಹಡಗು ಓಡಾಡುತ್ತವೆ. ಒಂದೊಂದರ ಮೇಲೆ ಒಂದು ಮಳೆಮಾಪಕ ಇಟ್ಟರೆ ಮುಗಿಯಿತು.

ಡೆಕ್_ಮೇಲಿಂದ
ಅನುಮಾನಪ್ಪನವರೇ, ಹಡಗಿನವನು ನಾನೇ. ಸರಕು ಹಡಗಿನಲ್ಲಿ ಹನ್ನೊಂದು ವರ್ಷ ಕಾವಲು ಕಾದಿದ್ದೇನೆ. ಹವಾಮಾನದ ವರದಿ ಕಳಿಸುವುದೂ ನಮ್ಮ ಕೆಲಸದಲ್ಲಿ ಸೇರಿತ್ತು.

ನಾವು ಮಿಮೀ ಲೆಕ್ಕ ಕಳಿಸುವುದಿಲ್ಲ, ಕೋಡ್ ಕಳಿಸುತ್ತೇವೆ. "ಈಗಿನ ಹವೆ" ಅಂತ 00ರಿಂದ 99ರವರೆಗೆ ಒಂದು ಪಟ್ಟಿ ಇರುತ್ತದೆ. 50ರ ಸಾಲು ತುಂತುರು ಮಳೆಗೆ, 60ರ ಸಾಲು ಮಳೆಗೆ, 80ರ ಸಾಲು ಬಂದು ಹೋಗುವ ಮಳೆಗೆ. ಬಿಡದೆ ಸಣ್ಣಗೆ ಬೀಳುತ್ತಿದ್ದರೆ 61, ಬಿಡದೆ ಜೋರಾಗಿದ್ದರೆ 65. ಜೋರೋ ಸಣ್ಣದೋ ಅಂತ ತೀರ್ಮಾನ ಮಾಡುವುದು ಕಾವಲಿನಲ್ಲಿ ನಿಂತವನ ಕಣ್ಣು. ರಾತ್ರಿ ಎರಡು ಗಂಟೆಗೆ ಆ ಕಣ್ಣು ಎಷ್ಟು ಚುರುಕಾಗಿರುತ್ತದೆ ಅಂತ ನೀವೇ ಊಹಿಸಿ. ಉಪಗ್ರಹ ಬರುವ ಮುಂಚಿನ ಸಮುದ್ರ ಮಳೆ ನಕಾಶೆಗಳಿಗೆ ಇಂಥ ಕೋಡ್‌ಗಳೇ ಮುಖ್ಯ ಆಧಾರ. ಕೋಡ್‌ಗೆ ಇಷ್ಟು ಮಿಮೀ ಅಂತ ದರ ಕಟ್ಟಿ ಲೆಕ್ಕ ಹಾಕಿದ್ದಾರೆ.

ಮಳೆಮಾಪಕ ಇಡುವ ಪ್ರಯೋಗ ನಾನೂ ಮಾಡಿದ್ದೇನೆ, ಬೇಸರ ಕಳೆಯಲಿಕ್ಕೆ. ಬ್ರಿಡ್ಜ್‌ನ (ಹಡಗು ನಡೆಸುವ ಕೋಣೆಯ) ಎರಡೂ ರೆಕ್ಕೆಗಳ ಮೇಲೆ ಒಂದೇ ಅಳತೆಯ ಎರಡು ಡಬ್ಬ ಕಟ್ಟಿದೆ. ಒಂದು ಮಳೆ ಕಳೆದ ಮೇಲೆ ನೋಡಿದರೆ ಗಾಳಿ ಬೀಸುತ್ತಿದ್ದ ಕಡೆಯ ಡಬ್ಬದಲ್ಲಿ ತಳ ಮಾತ್ರ ಒದ್ದೆ, ಇನ್ನೊಂದರಲ್ಲಿ ನಾಲ್ಕು ಬೆರಳು ನೀರು. ಎರಡರ ನಡುವೆ ಇದ್ದದ್ದು ಮೂವತ್ತು ಹೆಜ್ಜೆ. ಹಡಗು ಗಾಳಿಗೆ ಗೋಡೆ ಇದ್ದ ಹಾಗೆ. ಗಾಳಿ ಅದಕ್ಕೆ ಬಡಿದು ಮೇಲಕ್ಕೆ ಚಿಮ್ಮುತ್ತದೆ, ಹನಿಗಳೂ ಜೊತೆಗೆ ಹಾರಿ ಡಬ್ಬದ ಬಾಯಿ ದಾಟಿ ಹೋಗುತ್ತವೆ. ಸಾಲದ್ದಕ್ಕೆ ಹಡಗು ಬೇರೆ ಓಡುತ್ತಿರುತ್ತದೆ. ಅಲೆಯ ತುಂತುರೂ ಡಬ್ಬಕ್ಕೆ ಬೀಳುತ್ತದೆ. ನಾಲಿಗೆ ಇಟ್ಟು ನೋಡಿದೆ, ಉಪ್ಪು.

ಇನ್ನೊಂದು ಮಾತು. ಜೋರು ಮಳೆ ಗಾಳಿ ಇರುವ ಕಡೆ ಯಾವ ಕ್ಯಾಪ್ಟನ್ನೂ ಬೇಕಂತ ಹೋಗುವುದಿಲ್ಲ. ಸುತ್ತು ಹಾಕಿ ತಪ್ಪಿಸಿಕೊಳ್ಳುತ್ತೇವೆ. ಹಾಗಾಗಿ ಹಡಗಿನ ವರದಿಯಲ್ಲಿ ಸಮುದ್ರ ಇರುವುದಕ್ಕಿಂತ ಸಾಧುವಾಗಿ ಕಾಣುತ್ತದೆ.

ಅನುಮಾನಪ್ಪ
ನಾಲಿಗೆ ಇಟ್ಟಿರಾ! ಸರಿ ಸ್ವಾಮಿ, ಹಡಗು ಬಿಟ್ಟೆ. ದ್ವೀಪಗಳಿವೆಯಲ್ಲ?

ಮೈಕ್ರೋವೇವ್_ಮಂಜ
ದ್ವೀಪದಲ್ಲಿ ಗುಡ್ಡ ಇದ್ದರೆ ಕೆಟ್ಟಿತು. ಗಾಳಿ ಗುಡ್ಡ ಹತ್ತುವಾಗ ತಾನೇ ಮಳೆ ಸುರಿಸುತ್ತದೆ. ಅದು ಗುಡ್ಡದ ಮಳೆ, ಸಮುದ್ರದ್ದಲ್ಲ. ಹವಾಯಿಯಲ್ಲಿ ಒಂದು ಪಕ್ಕ ಕಾಡು, ಇನ್ನೊಂದು ಪಕ್ಕ ಒಣ ನೆಲ. ಯಾವುದನ್ನು ಸಮುದ್ರದ ಲೆಕ್ಕಕ್ಕೆ ಹಿಡಿಯುತ್ತೀರಿ? ಅದಕ್ಕೇ ಹವಳದ ದ್ವೀಪಗಳಿಗೆ ಬೆಲೆ ಜಾಸ್ತಿ. ಚಪ್ಪಟೆ, ನೀರಿನ ಮಟ್ಟಕ್ಕಿಂತ ಒಂದೆರಡು ಆಳು ಎತ್ತರ ಅಷ್ಟೇ. ಮಾರ್ಷಲ್ ದ್ವೀಪಗಳ ಕ್ವಾಜಲೀನ್‌ನಲ್ಲಿರುವ ರೇಡಾರ್, ಮಳೆ ಅಳೆಯಲೆಂದೇ ಹಾರಿಸಿದ ಟ್ರಿಮ್ ಉಪಗ್ರಹವನ್ನು ಪರೀಕ್ಷೆ ಮಾಡಲು ವರ್ಷಗಟ್ಟಲೆ ಕೆಲಸ ಮಾಡಿತು.

ಈಗ ಮೈಕ್ರೋವೇವ್. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಇಲ್ಲಿ ಒಂದು ತಮಾಷೆ ಇದೆ.

ಎಲ್ಲ ವಸ್ತುವೂ ತನ್ನ ಬಿಸಿಗೆ ತಕ್ಕಂತೆ ಮೈಕ್ರೋವೇವ್ ಹೊರಸೂಸುತ್ತದೆ. ಆದರೆ ಸಮುದ್ರ ಜಿಪುಣ. ಕಡಿಮೆ ಆವರ್ತನದಲ್ಲಿ ಅದು ಸೂಸಬೇಕಾದದ್ದರಲ್ಲಿ ಸುಮಾರು ಅರ್ಧ ಮಾತ್ರ ಸೂಸುತ್ತದೆ. ಹಾಗಾಗಿ 300 ಕೆಲ್ವಿನ್ ಬಿಸಿ ಇರುವ ನೀರು 19 ಗಿಗಾಹರ್ಟ್ಸ್‌ನ ಅಡ್ಡ ಧ್ರುವೀಕರಣದಲ್ಲಿ (ಅಡ್ಡಡ್ಡ ಕಂಪಿಸುವ ಅಲೆಗಳಲ್ಲಿ) ನೂರು ಡಿಗ್ರಿಗೂ ಹೆಚ್ಚು ತಣ್ಣಗೆ ಕಾಣುತ್ತದೆ. ಉಪಗ್ರಹದ ಪಾಲಿಗೆ ಸಮುದ್ರ ಅಂದರೆ ಕಪ್ಪು ಹಲಗೆ. ಗಾಳಿಯಲ್ಲಿ ಮಳೆಹನಿ ಇದ್ದರೆ ಅವು ಧಾರಾಳವಾಗಿ ಸೂಸುತ್ತವೆ. ಕಪ್ಪು ಹಲಗೆ ಮೇಲೆ ಸೀಮೆಸುಣ್ಣದ ಹಾಗೆ ಎದ್ದು ಕಾಣುತ್ತವೆ. ಇಲ್ಲಿ ನೋಡುತ್ತಿರುವುದು ನೆತ್ತಿಯನ್ನಲ್ಲ, ಮೋಡದೊಳಗಿನ ನೀರನ್ನೇ.

ನೆಲದ ಮೇಲೆ ಇದು ನಡೆಯುವುದಿಲ್ಲ. ಒಣ ನೆಲ ತಾನೇ ಹತ್ತಿರ ಹತ್ತಿರ ಪೂರ್ತಿ ಸೂಸುತ್ತದೆ. ಬಿಳಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಾಗೆ. ಅಲ್ಲಿ ಹೆಚ್ಚಿನ ಆವರ್ತನದಲ್ಲಿ ಮೋಡದ ಮೇಲಿನ ಮಂಜುಗಡ್ಡೆ ಚೆದುರಿಸುವುದನ್ನು ನೋಡಿ ಕೆಳಗಿನ ಮಳೆಯನ್ನು ಊಹೆ ಮಾಡಬೇಕು. ಅಂದರೆ ಅಳೆಯುವ ಡಬ್ಬ ಇಡಲಾಗದ ಕಡೆಯೇ ಉಪಗ್ರಹದ ಕಣ್ಣು ಚುರುಕು, ಡಬ್ಬ ಇಡಬಹುದಾದ ಕಡೆ ಕಣ್ಣು ಮಂಕು. ಈ ವಿಷಯಕ್ಕೆ ಬಂದು ಎಷ್ಟೋ ವರ್ಷವಾದರೂ ನನಗೆ ಇದು ಇನ್ನೂ ನಗು ತರಿಸುತ್ತದೆ.

1972ರಲ್ಲಿ ಹೋದ ನಿಂಬಸ್-5 ಉಪಗ್ರಹದಲ್ಲೇ 19 ಗಿಗಾಹರ್ಟ್ಸ್ ಉಪಕರಣ ಇತ್ತು. 1987ರಿಂದ ಅಮೆರಿಕದ ಉಪಗ್ರಹಗಳಲ್ಲಿ ಇಂಥದೇ ಉಪಕರಣಗಳ ಎಸ್‌ಎಸ್‌ಎಂ/ಐ ಸರಣಿ. 2011ರಲ್ಲಿ ಭಾರತ ಮತ್ತು ಫ್ರಾನ್ಸ್ ಸೇರಿ ಮೇಘಾ-ಟ್ರಾಪಿಕ್ಸ್ ಹಾರಿಸಿದವು. ಸಮಭಾಜಕದಿಂದ ಬರೀ 20 ಡಿಗ್ರಿ ಓರೆಯ ಕಕ್ಷೆ. ಹಾಗಾಗಿ ಉಷ್ಣವಲಯದ ಒಂದೇ ಜಾಗವನ್ನು ದಿನಕ್ಕೆ ಹಲವು ಸಲ ನೋಡುತ್ತಿತ್ತು. ಪಾಪ, ಅದರ ಮಳೆ ನೋಡುವ ಮದ್ರಾಸ್ ಉಪಕರಣ 2013ರ ಆರಂಭದಲ್ಲೇ ಕೆಟ್ಟಿತು.

ರೇಡಾರ್_ರಂಗ
ಮಂಜ ಅವರ ಕಪ್ಪು ಹಲಗೆಯ ಮಾತು ಸರಿ. ಆದರೆ ಆ ಸೀಮೆಸುಣ್ಣ ಎಷ್ಟು ದಪ್ಪ ಅಂತಲೂ ಹೇಳಿ! ಎಸ್‌ಎಸ್‌ಎಂ/ಐನ 19 ಗಿಗಾಹರ್ಟ್ಸ್ ಒಂದು ಸಲಕ್ಕೆ ನೋಡುವುದು ಸುಮಾರು 69 ಕಿಮೀ ಉದ್ದ, 43 ಕಿಮೀ ಅಗಲದ ಜಾಗವನ್ನು. ಅದರೊಳಗೆ ಅರ್ಧದಲ್ಲಿ ಗಂಟೆಗೆ 20 ಮಿಮೀ ಸುರಿಯುತ್ತಿದೆ, ಅರ್ಧ ಒಣಗಿದೆ ಅಂದುಕೊಳ್ಳಿ. ನಿಜವಾದ ಸರಾಸರಿ 10. ಆದರೆ ಮಳೆ ಜೋರಾದಂತೆ ಹೊಳಪು ಅದೇ ದರದಲ್ಲಿ ಏರುವುದಿಲ್ಲ, ಮೇಲೆ ಹೋಗುತ್ತಾ ಚಪ್ಪಟೆಯಾಗುತ್ತದೆ. ಎರಡು ಅರ್ಧಗಳ ಹೊಳಪು ಬೆರೆತು ಬರುವ ಉತ್ತರ ಹತ್ತಕ್ಕಿಂತ ಕಡಿಮೆ. ಇದನ್ನು ತಿದ್ದಲು ಒಂದು ಗುಣಕ ಹಾಕುತ್ತಾರೆ. ಆ ಗುಣಕದ ಮೇಲೆ ಜಗಳ ಇದ್ದೇ ಇದೆ.

ಅದಕ್ಕೇ ರೇಡಾರನ್ನೇ ಆಕಾಶಕ್ಕೆ ಕಳಿಸಿದರು. 1997ರ ನವೆಂಬರ್‌ನಲ್ಲಿ ಹೋದ ಟ್ರಿಮ್‌ನಲ್ಲಿ 13.8 ಗಿಗಾಹರ್ಟ್ಸ್‌ನ ಜಪಾನಿ ರೇಡಾರ್ ಇತ್ತು. ಸುಮಾರು 5 ಕಿಮೀ ಅಗಲದ ತುಂಡು, ಎತ್ತರದಲ್ಲಿ 250 ಮೀಟರ್‌ಗೆ ಒಂದು ಪದರ. ಬಸವಣ್ಣ ಕೇಳಿದ ಮೋಡದ ಬುಡ ಆಗಲೇ ಮೊದಲ ಸಲ ಮೇಲಿಂದ ಕಾಣಿಸಿದ್ದು. 2014ರಲ್ಲಿ ಅದರ ಮುಂದಿನ ಉಪಗ್ರಹ ಜಿಪಿಎಂ ಹೋಯಿತು, ಅದರಲ್ಲಿ 13.6 ಮತ್ತು 35.5, ಎರಡು ಆವರ್ತನ.

ಆದರೆ ರೇಡಾರ್ ಕೂಡ ಮಳೆ ಅಳೆಯುವುದಿಲ್ಲ, ಪ್ರತಿಧ್ವನಿ ಅಳೆಯುತ್ತದೆ. ಪ್ರತಿಧ್ವನಿ ಹನಿಯ ವ್ಯಾಸದ ಆರನೇ ಘಾತಕ್ಕೆ ತಕ್ಕ ಹಾಗೆ, ನೀರು ಮೂರನೇ ಘಾತಕ್ಕೆ. 2 ಮಿಮೀ ವ್ಯಾಸದ ಒಂದು ಹನಿಯಲ್ಲಿ 1 ಮಿಮೀಯ ಎಂಟು ಹನಿಗಳಷ್ಟು ನೀರು. ಆದರೆ ಅದು ರೇಡಾರ್‌ಗೆ ಅರವತ್ತನಾಲ್ಕು ಹನಿಗಳಷ್ಟು ಕೂಗುತ್ತದೆ. 40 ಡಿಬಿಝಡ್ ಬಂತು ಅಂತಿಟ್ಟುಕೊಳ್ಳಿ, ಅಂದರೆ ಪ್ರತಿಧ್ವನಿಯ ಬಲ 10,000. ಹಳೆಯ ಮಾರ್ಷಲ್-ಪಾಮರ್ ಸೂತ್ರ, ಪ್ರತಿಧ್ವನಿಯ ಬಲ ಅಂದರೆ 200 ಗುಣಿಸು ಮಳೆದರದ 1.6ನೇ ಘಾತ, ಹಾಕಿದರೆ ಗಂಟೆಗೆ ಹನ್ನೊಂದೂವರೆ ಮಿಮೀ. ಉಷ್ಣವಲಯಕ್ಕೆ ಬಳಸುವ 250 ಮತ್ತು 1.2 ಹಾಕಿದರೆ ಇಪ್ಪತ್ತೊಂದೂವರೆ. ಪ್ರತಿಧ್ವನಿ ಒಂದೇ, ಮಳೆ ಹತ್ತಿರ ಹತ್ತಿರ ಎರಡು ಪಟ್ಟು! ಎರಡು ಆವರ್ತನ ಹಾಕಿದ್ದೇ ಹನಿ ಗಾತ್ರದ ಸುಳಿವು ಸಿಗಲಿ ಅಂತ.

ಇಲ್ಲೂ ಸಮುದ್ರ ಒಂದು ಉಪಕಾರ ಮಾಡುತ್ತದೆ. ಜೋರು ಮಳೆ ರೇಡಾರ್ ಅಲೆಯನ್ನು ದಾರಿಯಲ್ಲೇ ಹೀರಿಬಿಡುತ್ತದೆ. ಎಷ್ಟು ಹೀರಿತು ಅಂತ ತಿಳಿಯಲು ಸಮುದ್ರದ ಮೇಲ್ಮೈಯಿಂದ ಬರುವ ಪ್ರತಿಧ್ವನಿಯನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಪಕ್ಕದ ಮಳೆಯಿಲ್ಲದ ನೀರಿನಿಂದ ಎಷ್ಟು ಬಂತು, ಮಳೆಯಡಿಯ ನೀರಿನಿಂದ ಎಷ್ಟು ಬಂತು, ವ್ಯತ್ಯಾಸವೇ ನಷ್ಟ. ನೆಲ ಏರುಪೇರು, ಕಾಡು, ಊರು ಅಂತ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಅಲ್ಲಿ ಈ ಉಪಾಯ ಇಷ್ಟು ಚೆನ್ನಾಗಿ ನಡೆಯುವುದಿಲ್ಲ.

ಬೆರಗು_ಬಸವ
ಅಬ್ಬಾ. ರಂಗ ಸರ್, ಎರಡು ಸಲ ಓದಿದೆ. ಆದರೆ ಒಂದು ಅನುಮಾನ ಉಳಿಯಿತು. ಮೈಕ್ರೋವೇವನ್ನು ರೇಡಾರ್‌ನಿಂದ ತಿದ್ದುತ್ತೀರಿ. ರೇಡಾರನ್ನು ತಿದ್ದುವವರು ಯಾರು? ಎಲ್ಲೋ ಒಂದು ಕಡೆ ನಿಜವಾದ ನೀರು ನಿಜವಾದ ಡಬ್ಬಕ್ಕೆ ಬೀಳಬೇಕಲ್ವಾ?

ಬೋಯ್_ಭಾಗ್ಯ
ಬೀಳುತ್ತದೆ. ಬಾಯಿ ಮಾತ್ರ ಚಿಕ್ಕದು, 100 ಚದರ ಸೆಂಟಿಮೀಟರ್.

ನಾನು ಬೋಯ್ ದತ್ತಾಂಶ ತಿದ್ದುವ ಕೆಲಸ ಮಾಡುತ್ತೇನೆ. ಆಳ ಸಮುದ್ರದಲ್ಲಿ ಲಂಗರು ಹಾಕಿ ತೇಲಿಬಿಟ್ಟ ಬೋಯ್‌ಗಳಿವೆ. ಪೆಸಿಫಿಕ್‌ನಲ್ಲಿ ಟಾವೋ, ಅಟ್ಲಾಂಟಿಕ್‌ನಲ್ಲಿ ಪಿರಾಟಾ, ಹಿಂದೂ ಮಹಾಸಾಗರದಲ್ಲಿ ರಾಮಾ ಅಂತ ಜಾಲಗಳು. ಕೆಲವದರ ಮೇಲೆ ನೀರಿನಿಂದ ಮೂರೂವರೆ ಮೀಟರ್ ಎತ್ತರದಲ್ಲಿ ಮಳೆಮಾಪಕ ಇರುತ್ತದೆ. ನೆಲದ ಮೇಲಿನ ಹಾಗೆ ತಕ್ಕಡಿಯಂತೆ ಮಗುಚುವ ಬಟ್ಟಲು ಇಲ್ಲಿ ಆಗುವುದಿಲ್ಲ, ಬೋಯ್ ತೂಗಾಡುತ್ತಲೇ ಇರುತ್ತದೆ, ಬಟ್ಟಲು ಸುಮ್ನೆ ಮಗುಚುತ್ತದೆ. ಅದಕ್ಕೇ ಕೊಳವೆ. ನೀರು ಎಷ್ಟು ಎತ್ತರಕ್ಕೆ ಬಂತು ಅಂತ ವಿದ್ಯುತ್ ಧಾರಕತೆಯಿಂದ ತಿಳಿಯುತ್ತದೆ. 50 ಮಿಮೀ ತುಂಬಿದರೆ ಸೈಫನ್ ಎಳೆದು ತಾನೇ ಖಾಲಿಯಾಗುತ್ತದೆ.

ಗ್ರಾಫ್ ಹಾಕಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಏರು, ಏರು, ಏರು, ದಬಕ್ಕನೆ ಇಳಿತ. ಮಳೆ ಬಾರದ ದಿನ ಗೆರೆ ನಿಧಾನವಾಗಿ ಇಳಿಯುತ್ತದೆ, ಅದು ಆವಿಯಾದ ನೀರು. ಗೆರೆ ಸದಾ ನಡುಗುತ್ತಿರುತ್ತದೆ. ನಿಮಿಷ ನಿಮಿಷದ ವ್ಯತ್ಯಾಸ ತೆಗೆದರೆ ಮೈನಸ್ ಮಳೆ ಬರುತ್ತದೆ. ಸೇರಿದ ಹೊಸದರಲ್ಲಿ ಮೈನಸ್‌ಗಳನ್ನೆಲ್ಲ ಸೊನ್ನೆ ಮಾಡಿಬಿಟ್ಟೆ, ಅಚ್ಚುಕಟ್ಟಾಗಲಿ ಅಂತ. ಮೇಲಿನವರು ಕರೆದು ಚೆನ್ನಾಗಿ ಬೈದರು. ಸರಿಯಾಗಿಯೇ ಬೈದರು. ನಡುಕದಲ್ಲಿ ಪ್ಲಸ್ಸೂ ಇರುತ್ತದೆ, ಮೈನಸ್ಸೂ ಇರುತ್ತದೆ. ಮೈನಸ್ ಮಾತ್ರ ಅಳಿಸಿದರೆ ಬೀಳದ ಮಳೆ ಲೆಕ್ಕಕ್ಕೆ ಸೇರುತ್ತದೆ.

ಗಾಳಿ ಜೋರಾದರೆ ಡಬ್ಬಕ್ಕೆ ಬೀಳುವುದು ಕಡಿಮೆ, ಡೆಕ್ ಅಣ್ಣ ಹೇಳಿದ ಅದೇ ಕಥೆ, ಸ್ವಲ್ಪ ಸಣ್ಣ ಪ್ರಮಾಣದಲ್ಲಿ. ಹಕ್ಕಿಗಳು ಕೂರುತ್ತವೆ, ಉಳಿದದ್ದನ್ನು ನೀವೇ ತಿಳಿದುಕೊಳ್ಳಿ. ಬೋಯ್ ಕೆಳಗೆ ಮೀನು ಸೇರುತ್ತವೆ, ಮೀನು ಹಿಡಿಯುವವರು ದೋಣಿ ತಂದು ಅದಕ್ಕೇ ಕಟ್ಟುತ್ತಾರೆ, ಉಪಕರಣ ಹಾಳಾಗುತ್ತದೆ. ಇಷ್ಟೆಲ್ಲ ದಾಟಿ ಬಂದ ಅಂಕಿಯನ್ನು ರಂಗ ಸರ್ ತಮ್ಮ 5 ಕಿಮೀ ಚೌಕದ ಪಕ್ಕ ಇಡುತ್ತಾರೆ. ಅಂಗೈ ಅಗಲದ ಬಾಯಿ, ಇಪ್ಪತ್ತೈದು ಚದರ ಕಿಲೋಮೀಟರ್ ಮಳೆ. ಒಂದೊಂದು ಮಳೆಯನ್ನೂ ಹೋಲಿಸಲು ಹೋದರೆ ಹುಚ್ಚು ಹಿಡಿಯುತ್ತದೆ. ತಿಂಗಳುಗಟ್ಟಲೆ ಸರಾಸರಿ ತೆಗೆದರೆ ಮಾತ್ರ ಏನಾದರೂ ಹೇಳಬಹುದು.

ಕಡಲಿಗೆ_ಕಿವಿ
ಭಾಗ್ಯ ಅಕ್ಕ, ಡಬ್ಬದ ಬಾಯಿ ಚಿಕ್ಕದು ಅಂದಿರಲ್ಲ. ನೀರೊಳಗೆ ಮೈಕ್ ಇಟ್ಟರೆ ಆ ತೊಂದರೆ ಇಲ್ಲ. ನಾನು ಓದುತ್ತಿರುವುದೇ ಅದನ್ನು.

ಮಳೆಹನಿ ಸಮುದ್ರಕ್ಕೆ ಬಿದ್ದಾಗ ಸದ್ದು ಬರುವುದು ಹೆಚ್ಚಾಗಿ ಬಡಿತದಿಂದಲ್ಲ. ಹನಿ ಒಳಗೆ ಎಳೆದುಕೊಂಡು ಹೋದ ಗಾಳಿಗುಳ್ಳೆಯಿಂದ. ಗುಳ್ಳೆ ಗಂಟೆಯಂತೆ ಮೊಳಗುತ್ತದೆ. 0.8ರಿಂದ 1.2 ಮಿಮೀ ವ್ಯಾಸದ ಪುಟ್ಟ ಹನಿಗಳು ತಪ್ಪದೆ ಒಂದೇ ಥರದ ಗುಳ್ಳೆ ಮಾಡುತ್ತವೆ. 15 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ತುಂತುರು ಮಳೆ ಚೆನ್ನಾಗಿ ಕೇಳುತ್ತದೆ. 1.2ರಿಂದ 2 ಮಿಮೀವರೆಗಿನ ನಡುವಿನ ಹನಿಗಳು ಬಹುಮಟ್ಟಿಗೆ ಮೌನಿಗಳು! ಅದಕ್ಕಿಂತ ದೊಡ್ಡವು ಮತ್ತೆ ಗದ್ದಲ ಮಾಡುತ್ತವೆ, ಕೆಳಗಿನ ಸ್ವರದಿಂದ ಹಿಡಿದು. ಜೆಫ್ರಿ ನಿಸ್ಟ್ಯೂಯೆನ್ ಅನ್ನುವ ವಿಜ್ಞಾನಿ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿ ಹನಿ ಗಾತ್ರ, ಮಳೆದರ, ಗಾಳಿವೇಗ ಎಲ್ಲವನ್ನೂ ಸದ್ದಿನಿಂದ ಬಿಡಿಸುವ ದಾರಿ ಹಾಕಿದರು. ಮೈಕ್ ಆಳಕ್ಕೆ ಹೋದಷ್ಟೂ ಕೇಳಿಸುವ ವಿಸ್ತಾರ ದೊಡ್ಡದು. ಒಂದು ಕಿಲೋಮೀಟರ್ ಆಳದಲ್ಲಿದ್ದರೆ ಮೇಲೆ ಹಲವು ಕಿಲೋಮೀಟರ್ ಅಗಲದ ಮಳೆಯ ಸರಾಸರಿ ಸಿಗುತ್ತದೆ. ಉಪಗ್ರಹದ ಚೌಕಕ್ಕೆ ಸರಿಜೋಡಿ. ಹಕ್ಕಿ ಕಾಟವೂ ಇಲ್ಲ.

ರೇಡಾರ್_ರಂಗ
ಗಾಳಿ ಜೋರಾದರೆ ಸಣ್ಣ ಹನಿಗಳ ಗುಳ್ಳೆ ಕೆಡುತ್ತದೆ, ಅಲೆಯ ಗುಳ್ಳೆಗಳ ಸದ್ದೂ ಸೇರಿಕೊಳ್ಳುತ್ತದೆ, ಅದನ್ನೂ ಹೇಳಿ ತಮ್ಮಾ.

ಕಡಲಿಗೆ_ಕಿವಿ
ಹೇಳುತ್ತಿದ್ದೆ ಸರ್, ನೀವು ಬಿಡಲಿಲ್ಲ. 🙂

ಅನುಮಾನಪ್ಪ
ಎಲ್ಲ ಸರಿ. ಸಮುದ್ರಕ್ಕೆ ಬಿದ್ದ ಮಳೆಯಿಂದ ಯಾರಿಗೇನು? ಬೆಳೆ ಇಲ್ಲ, ಕೆರೆ ಇಲ್ಲ. ನೀರು ನೀರಿಗೆ ಬಿತ್ತು. ಇಷ್ಟು ಖರ್ಚು ಯಾಕೆ?

ಮೈಕ್ರೋವೇವ್_ಮಂಜ
ಭೂಮಿಯ ಮೇಲೆ ಬೀಳುವ ಒಟ್ಟು ಮಳೆಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಬೀಳುವುದೇ ಅಲ್ಲಿ ಸ್ವಾಮಿ. ಅದನ್ನು ಬಿಟ್ಟು ಯಾವ ಲೆಕ್ಕ ಮಾಡುತ್ತೀರಿ?

ಆವಿ ಹನಿಯಾಗುವಾಗ ಬಿಸಿ ಬಿಡುತ್ತದೆ. ದಿನಕ್ಕೆ 1 ಮಿಮೀ ಮಳೆ ಅಂದರೆ ಪ್ರತಿ ಚದರ ಮೀಟರ್‌ಗೆ ಸುಮಾರು 29 ವ್ಯಾಟ್ ಬಿಸಿ ಮೇಲಿನ ಗಾಳಿಗೆ ಸೇರಿದ ಹಾಗೆ. ಉಷ್ಣವಲಯದ ಗಾಳಿಗಳನ್ನು ತಳ್ಳುವುದು ಈ ಬಿಸಿಯೇ. ನೆಲದ ಮೇಲಿನ ಮಳೆಗಾಲವೂ ಅದಕ್ಕೆ ಕಟ್ಟುಬಿದ್ದಿದೆ. ಮಳೆಯ ಅಂದಾಜು ತಪ್ಪಿದರೆ ಶಕ್ತಿಯ ಜಮಾಖರ್ಚು ತಾಳೆಯಾಗುವುದಿಲ್ಲ. ನಿಜ ಹೇಳಬೇಕೆಂದರೆ ಹೊರಗಿನಿಂದ ಹಾಗೆ ತಾಳೆ ನೋಡಿದ ಕೆಲವರು ಉಪಗ್ರಹದ ಅಂದಾಜು ಕಡಿಮೆ ಇರಬೇಕು ಅಂತ ವಾದಿಸಿದ್ದಾರೆ. 2006ರಲ್ಲಿ ಹೋದ ಉಪಗ್ರಹ ಕ್ಲೌಡ್‌ಸ್ಯಾಟ್‌ನ 94 ಗಿಗಾಹರ್ಟ್ಸ್ ರೇಡಾರ್, ಟ್ರಿಮ್ ಕಣ್ಣಿಗೆ ಬೀಳದ ಸಣ್ಣ ಮಳೆ ಸಮುದ್ರದ ಮೇಲೆ ಎಷ್ಟೊಂದು ಇದೆ ಅಂತ ತೋರಿಸಿತು. ಜೋರು ಮಳೆ ಎಲ್ಲರ ಗಮನ ಸೆಳೆಯುತ್ತದೆ. ಲೆಕ್ಕದಲ್ಲಿ ಸೋರಿಹೋಗುವುದು ತುಂತುರು ಮಳೆ.

ಡೆಕ್_ಮೇಲಿಂದ
50ರ ಸಾಲಿನ ಕೋಡ್‌ಗಳು! ನಾವು ಅವನ್ನು ಆಗಲೇ ಬರೆದು ಕಳಿಸುತ್ತಿದ್ದೆವು, ಅಷ್ಟರ ಮಟ್ಟಿಗೆ ನಮ್ಮ ನಿದ್ದೆಗಣ್ಣು ಪರವಾಗಿಲ್ಲ.

ಬೆರಗು_ಬಸವ
ಎಲ್ಲರಿಗೂ ಥ್ಯಾಂಕ್ಸ್. ಆದರೆ ಒಂದು ವಿಚಿತ್ರ. ಇವತ್ತು ಅದೇ ನಕಾಶೆ ತೆರೆದು ಅದೇ ಜಾಗ, ನಿನ್ನೆಯ ಅದೇ ಅರ್ಧ ಗಂಟೆ ನೋಡಿದೆ. 7.4 ಇದ್ದದ್ದು ಈಗ 5.1 ಆಗಿದೆ. ಬಿದ್ದುಹೋದ ಮಳೆ ರಾತ್ರೋರಾತ್ರಿ ಕಡಿಮೆಯಾಗುವುದು ಹೇಗೆ? ಸ್ಕ್ರೀನ್‌ಶಾಟ್ ಇದೆ, ನನ್ನ ಭ್ರಮೆ ಅಲ್ಲ.

ಮೈಕ್ರೋವೇವ್_ಮಂಜ
ಭ್ರಮೆ ಅಲ್ಲ. ಮೈಕ್ರೋವೇವ್ ಉಪಗ್ರಹ ಒಂದು ಜಾಗದ ಮೇಲೆ ಸದಾ ಇರುವುದಿಲ್ಲ, ಬಂದು ಹೋಗುತ್ತದೆ. ಎರಡು ಭೇಟಿಗಳ ನಡುವಿನ ಮಳೆಯನ್ನು ಐಮರ್ಗ್ ತುಂಬಿಕೊಳ್ಳುತ್ತದೆ, ಹಿಂದಿನ ಸಲ ಕಂಡ ಮಳೆಯನ್ನು ಗಾಳಿಯ ದಿಕ್ಕಿಗೆ ಮುಂದಕ್ಕೆ ತಳ್ಳಿ. ಸುಮಾರು ನಾಲ್ಕು ಗಂಟೆಯಲ್ಲಿ ಬರುವ ಮೊದಲ ಆವೃತ್ತಿಗೆ ಹಿಂದಿನ ಭೇಟಿ ಮಾತ್ರ ಗೊತ್ತು. ನೀವು ನಿನ್ನೆ ನೋಡಿದ್ದು ಅದು. ಅರ್ಧ ದಿನ ಕಳೆದ ಮೇಲಿನ ಎರಡನೇ ಆವೃತ್ತಿಗೆ ಮುಂದಿನ ಭೇಟಿಯೂ ಸಿಕ್ಕಿರುತ್ತದೆ, ಎರಡೂ ಕಡೆಯಿಂದ ಹೊಲಿಯುತ್ತದೆ. ನಡುವೆ ಆ ಮಳೆ ಸೊರಗಿದ್ದಿರಬೇಕು. ಪಕ್ಕದಲ್ಲೇ ಕ್ವಾಲಿಟಿ ಇಂಡೆಕ್ಸ್ ಅಂತ ಸೊನ್ನೆಯಿಂದ ಒಂದರವರೆಗಿನ ಅಂಕಿ ಇರುತ್ತದೆ, ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ನೋಡಿ.

ಕೊನೆಯ ಆವೃತ್ತಿ ಮೂರೂವರೆ ತಿಂಗಳ ನಂತರ ಬರುತ್ತದೆ. ನೆಲದ ಮೇಲಿನ ಅಂಕಿಗಳನ್ನು ಆಗ ಮಳೆಮಾಪಕಗಳಿಂದ ತಿದ್ದುತ್ತಾರೆ. ನಿಮ್ಮ ಜಾಗಕ್ಕೆ ಆ ಭಾಗ್ಯ ಇಲ್ಲ.

ಬೋಯ್_ಭಾಗ್ಯ
ಆ ಭಾಗ್ಯ ಇಲ್ಲದಿದ್ದರೆ ಈ ಭಾಗ್ಯ ಇದ್ದಾಳೆ. ಬಸವಣ್ಣ, ಅಕ್ಷಾಂಶ ರೇಖಾಂಶ ಹಾಕಿ. ಹತ್ತಿರದಲ್ಲಿ ಬೋಯ್ ಇದೆಯೇ ನೋಡುತ್ತೇನೆ.

ಬೆರಗು_ಬಸವ
ಹಾಕಿದೆ ಮೇಡಂ, ಸ್ಕ್ರೀನ್‌ಶಾಟ್‌ನ ಕೆಳಗಿನ ಮೂಲೆಯಲ್ಲಿದೆ.

ಬೋಯ್_ಭಾಗ್ಯ
ಹತ್ತಿರದ್ದು ಅಂದರೆ ಇನ್ನೂರು ಕಿಲೋಮೀಟರ್ ಆಚೆ. ನಿನ್ನೆ ಅಲ್ಲಿ ಗೆರೆ ನಿಧಾನವಾಗಿ ಇಳಿಯುತ್ತಿತ್ತು. ಬಿಸಿಲು.